ಸ್ಥಾವರ, ಜಂಗಮ ಮತ್ತು ತೋಟದ ಕೋಣೆ

(ಬಾನುಲಿ ಭಾಷಣ)



ಶ್ರೀರಂಗಪಟ್ಟಣದಿಂದ ಕನ್ನಂಬಾಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ದೂರ ಸಾಗಿದರೆ ಪಾಲಹಳ್ಳಿ ಸಿಗುತ್ತದೆ. ಅದು ನನ್ನ ಊರು. ಒಂದು ಪಕ್ಕದಲ್ಲಿ ಕಾವೇರಿ, ನಡುವೆ ವಿರಿಜಾ ನಾಲೆ, ನಾಲೆಯ ಕೆಳಗೆ ಗದ್ದೆ, ಕಬ್ಬು, ತೆಂಗು. 1847ರಷ್ಟು ಹಿಂದೆಯೇ ರೈತರು ಕಾಯಿಸಿದ ಬೆಲ್ಲವನ್ನು ಶುದ್ಧಮಾಡಿ ಸಕ್ಕರೆ ತೆಗೆಯುವ ಒಂದು ಕಾರ್ಖಾನೆ ನಮ್ಮೂರಿನಲ್ಲಿತ್ತು. ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಎಂದು ಅದರ ಹೆಸರು. ಆ ಕಾರ್ಖಾನೆ ಈಗಿಲ್ಲ. ಕಬ್ಬು ಮಾತ್ರ ಇದೆ. ರಂಗನತಿಟ್ಟಿನ ಹಕ್ಕಿಗಳನ್ನು ನೋಡಲು ಬರುವವರಿಗೆ ನಮ್ಮೂರು ದಾರಿಯಲ್ಲಿ ಕಾಣುವ ಒಂದು ಹೆಸರಿನ ಹಲಗೆ, ಅಷ್ಟೆ. ನಿಲ್ಲುವ ಕಾರಣ ಅವರಿಗಿಲ್ಲ.

ಈ ಊರಿನ ನಮ್ಮ ಮೂವತ್ತು ಗುಂಟೆ ತೋಟದಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಬಸ್ಸು ನಿಂತಿತ್ತು. ಆ ಬಸ್ಸನ್ನು ತೆಗೆದು ಅಲ್ಲಿ ಒಂದು ಕೋಣೆ ಕಟ್ಟಲು ಹೊರಟಾಗ ನಾನು ಕಲಿತ ಪಾಠವನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಮೂವತ್ತು ವರ್ಷ ತರಗತಿಯಲ್ಲಿ ಶಬ್ದಗಳ ಅರ್ಥ ಹೇಳಿದವನು ನಾನು. 'ಕಟ್ಟಡ' ಎಂಬ ಒಂದೇ ಶಬ್ದದ ಅರ್ಥ ತಿಳಿಯಲು ನನಗೆ ನಿವೃತ್ತಿಯವರೆಗೆ ಕಾಯಬೇಕಾಯಿತು.

ಬಸ್ಸು ತೋಟಕ್ಕೆ ಬಂದದ್ದು 1980ರಲ್ಲಿ. ನಾನಾಗ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ಅದಕ್ಕೆ ಮೊದಲು ಆ ಜಾಗದಲ್ಲಿ ಕಬ್ಬಿನ ಸೋಗೆ ಹೊದಿಸಿದ ಒಂದು ಗುಡಿಸಲಿತ್ತು. ಒಂದು ಬೇಸಗೆ ಆ ಗುಡಿಸಲು ಬೆಂಕಿಗೆ ಆಹುತಿಯಾಯಿತು. ಒಳಗಿದ್ದ ಕಾವಲಿನವನು ಹೇಗೋ ಪಾರಾದ. ಅಪ್ಪ ಅಂದೇ ತೀರ್ಮಾನಿಸಿದರು: ಇನ್ನು ಸೋಗೆಯ ಸೂರು ಬೇಡ. ಯಾವುದೋ ಹರಾಜಿನಲ್ಲಿ ಒಂದು ಹಳೆಯ ಬಸ್ಸಿನ ಒಡಲನ್ನು ಕೊಂಡರು. ಎಂಜಿನ್ ಇರಲಿಲ್ಲ, ಗಾಲಿಗಳು ಇದ್ದವು. ಟ್ರಾಕ್ಟರಿಗೆ ಕಟ್ಟಿ ಎಳೆದು ತಂದು ತೆಂಗಿನ ಸಾಲಿನ ನಡುವೆ ನಿಲ್ಲಿಸಿದ ದಿನ ಊರಿನ ಮಕ್ಕಳೆಲ್ಲ ಹಿಂದೆ ಬಂದಿದ್ದರು. ಹಿಂದಿನ ಎರಡು ಸೀಟುಗಳನ್ನು ಬಿಟ್ಟು ಉಳಿದುವನ್ನು ಕಿತ್ತು, ಗೊಬ್ಬರದ ಮೂಟೆ, ಪಂಪಿನ ಸಾಮಾನು, ಕುಡುಗೋಲು, ಗುದ್ದಲಿಗಳನ್ನು ಇಟ್ಟರು. ಮುಂದಿನ ಭಾಗದಲ್ಲಿ ಕಾವಲಿನವನ ಸಂಸಾರ.

ಆ ಕಾವಲಿನವನಿಗೆ ಆಗ ಮೂವತ್ತು ವರ್ಷವಿದ್ದಿರಬೇಕು. ಈಗ ನಮ್ಮ ಮನೆಯ ಮಕ್ಕಳೆಲ್ಲ ಅವನನ್ನು ತಾತ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಸ್ವಂತ ನೆಲವಿಲ್ಲದ ಮನುಷ್ಯ. ಅವನ ಮಗಳು ಆ ಬಸ್ಸಿನಲ್ಲಿಯೇ ಬೆಳೆದು ಮದುವೆಯಾಗಿ ಹೋದಳು. ಅವನ ಹೆಂಡತಿ ಅಲ್ಲಿಯೇ ತೀರಿಕೊಂಡಳು. ಬಸ್ಸಿಗೆ ಮನೆ ನಂಬರಿಲ್ಲದ ಕಾರಣ ಅವನ ಪಡಿತರ ಚೀಟಿಯಲ್ಲಿ ಇರುವುದು ಊರೊಳಗಿನ ನಮ್ಮ ಮನೆಯ ವಿಳಾಸ. ಈ ಸಂಗತಿ ನನಗೆ ಎಂದೂ ವಿಚಿತ್ರವೆನಿಸಿರಲಿಲ್ಲ. ಅವನು ನಮ್ಮವನು ತಾನೆ ಎಂದುಕೊಂಡಿದ್ದೆ.

ವರ್ಷಗಳು ಕಳೆದಂತೆ ಗಾಲಿಗಳ ರಬ್ಬರು ಕೊಳೆತು ಹೋಯಿತು. ಕಬ್ಬಿಣದ ಬಳೆಗಳು ಮಣ್ಣಿನಲ್ಲಿ ಇಳಿದವು. ತಗಡು ತುಕ್ಕು ಹಿಡಿದು ಜಲ್ಲಡಿಯಂತಾಯಿತು. ಮಳೆ ಬಂದರೆ ತಾತ ಹಾಸಿಗೆಯನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಎಳೆದಾಡುತ್ತಿದ್ದ. 2023ರ ಬೇಸಗೆಯಲ್ಲಿ ನನ್ನ ತಮ್ಮ ಈ ಮಾತನ್ನು ಎತ್ತಿದ. ಬಸ್ಸನ್ನು ಗುಜರಿಗೆ ಹಾಕೋಣ. ಅದೇ ಜಾಗದಲ್ಲಿ ಕಲ್ಲಿನ ತಳಪಾಯ, ಮರದ ಗೋಡೆ, ಹೆಂಚಿನ ಸೂರಿನ ಒಂದು ಕೋಣೆ ಮಾಡೋಣ ಎಂದ. "ಯಾರ ಅಪ್ಪಣೆಯಾದರೂ ಬೇಕೇನೋ" ಎಂದು ನಾನು ಕೇಳಿದೆ. "ಇದ್ದುದ್ದ ತಗ್ದು ಇನ್ನೊಂದ ಇಡಾಕೆ ಯಾರ್ ಕೇಳ್ತರಣ್ಣ? ನಮ್ ತೋಟ, ನಮ್ ಜಾಗ" ಎಂದು ಅವನು ನಕ್ಕ. ನನಗೂ ಆ ಮಾತು ಸರಿ ಎಂದೇ ತೋರಿತು. ಹಳೆಯದು ಇತ್ತು, ಹೊಸದು ಬರುತ್ತದೆ, ಜಾಗ ಅದೇ. ಇದರಲ್ಲಿ ಕೇಳುವುದೇನು?

ತಳಪಾಯ ತೋಡಿ ನಾಲ್ಕು ದಿನವಾಗಿರಲಿಲ್ಲ. ಕೆಲಸ ನಿಲ್ಲಿಸುವಂತೆ ಪಂಚಾಯಿತಿಯಿಂದ ಮೊದಲು ಬಾಯಿಮಾತು ಬಂತು, ಅನಂತರ ಲಿಖಿತ ನೋಟೀಸು ಬಂತು. ಅದರಲ್ಲಿದ್ದ ಪ್ರಶ್ನೆ ಬಹಳ ಸರಳವಾದದ್ದು: ಪರವಾನಗಿ ಎಲ್ಲಿ?

ತಮ್ಮನಿಗೆ ಸಿಟ್ಟು ಬಂತು. ನನಗೆ ಸ್ವಲ್ಪ ಅವಮಾನವಾಯಿತು. ಅವಮಾನ ಇಳಿದ ಮೇಲೆ ಕುತೂಹಲ ಹುಟ್ಟಿತು. ಹಳೆಯ ಅಭ್ಯಾಸ, ಪದವೊಂದು ಕೈಗೆ ಸಿಕ್ಕಿತೆಂದರೆ ಅದರ ಬೇರಿನವರೆಗೆ ಹೋಗಬೇಕು.

ಕಟ್ಟಡ ಎಂದರೇನು? ಕಟ್ಟಿದ್ದು ಕಟ್ಟಡ. ದನವನ್ನು ಗೂಟಕ್ಕೆ ಕಟ್ಟುತ್ತೇವೆ, ನೀರಿಗೆ ಕಟ್ಟೆ ಕಟ್ಟುತ್ತೇವೆ, ಮಾತನ್ನು ಕಟ್ಟಿ ಕವಿತೆ ಮಾಡುತ್ತೇವೆ. ಕಟ್ಟುವುದೆಂದರೆ ಒಂದು ಕಡೆ ನಿಲ್ಲಿಸುವುದು. ನಮ್ಮ ಹಳೆಯ ದಸ್ತಾವೇಜುಗಳಲ್ಲಿ ಆಸ್ತಿಯನ್ನು ಸ್ಥಾವರ ಎಂದೂ ಜಂಗಮ ಎಂದೂ ಎರಡಾಗಿ ವಿಭಾಗಿಸಿ ಬರೆಯುತ್ತಿದ್ದರು. ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ ಈ ಎರಡು ಮಾತುಗಳು ಬೇರೆಯೇ ಎತ್ತರಕ್ಕೆ ಏರಿದವು; ನಿಂತದ್ದಕ್ಕಿಂತ ನಡೆಯುವುದು ದೊಡ್ಡದೆಂದು ಅವರು ಕಂಡರು. ಕಂದಾಯದ ಕಚೇರಿಯ ಕಾಣ್ಕೆ ಬೇರೆ. ಅಲ್ಲಿ ನಿಂತದ್ದಕ್ಕೇ ಲೆಕ್ಕ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ 'ಭೂಮಿಗೆ ಅಂಟಿದ್ದು' ಎಂಬುದಕ್ಕೆ ಮೂರು ಅರ್ಥ ಹೇಳಿದ್ದಾರೆ: ಮರಗಿಡಗಳ ಹಾಗೆ ಬೇರುಬಿಟ್ಟದ್ದು, ಗೋಡೆ ಮನೆಗಳ ಹಾಗೆ ನೆಲದಲ್ಲಿ ಹುದುಗಿದ್ದು, ಹಾಗೆ ಹುದುಗಿದ್ದರ ಶಾಶ್ವತ ಉಪಯೋಗಕ್ಕಾಗಿ ಅದಕ್ಕೆ ಸೇರಿಸಿದ್ದು. ನೂರ ನಲವತ್ತು ವರ್ಷದ ಹಿಂದಿನ ಈ ಮಾತನ್ನು ಓದಿದಾಗ ನನಗೆ ನಮ್ಮ ಬಸ್ಸಿನ ಗಾಲಿಗಳು ನೆನಪಾದವು. ಬಂದ ದಿನ ಅದು ಜಂಗಮ. ರಬ್ಬರು ಕರಗಿ ಬಳೆ ಮಣ್ಣಿಗಿಳಿದ ದಿನ ಅದು ಏನಾಯಿತು?

ಈ ತೊಡಕು ನಮ್ಮದು ಮಾತ್ರವಲ್ಲ. ಇಂಗ್ಲೆಂಡಿನ ಜನ ಗಾಲಿಯ ಮೇಲಿನ ಮನೆಯನ್ನು ತೋಟದಲ್ಲಿ ತಂದು ನಿಲ್ಲಿಸಿಕೊಂಡು ಬೇಸಗೆ ಕಳೆಯುವ ಅಭ್ಯಾಸವುಳ್ಳವರು. ಕ್ಯಾರವಾನ್ ಎಂದು ಅದನ್ನು ಕರೆಯುತ್ತಾರೆ. ಅದು ಕಟ್ಟಡವೋ ವಾಹನವೋ ಎಂಬ ಜಗಳ ಅಲ್ಲಿ ಎಷ್ಟು ಬೆಳೆಯಿತೆಂದರೆ 1960ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಮಾಡಿದರು. 1968ರಲ್ಲಿ ಇನ್ನೊಂದು ಕಾಯಿದೆಯಲ್ಲಿ, ಎರಡು ಭಾಗಗಳನ್ನು ಕೂಡಿಸಿದ ಅಂಥ ಮನೆ ಎಷ್ಟು ಉದ್ದ, ಎಷ್ಟು ಅಗಲ ಇರಬಹುದೆಂದು ಅಳತೆ ಗೊತ್ತುಮಾಡಿದರು. ಮನುಷ್ಯರು ವಾಸಿಸಲು ಮಾಡಿದ್ದು, ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬಲ್ಲದ್ದು. ಇದು ಅವರ ಲಕ್ಷಣ. ಅಂಥದನ್ನು ತಂದು ನಿಲ್ಲಿಸುವುದು ನೆಲದ ಉಪಯೋಗದ ಪ್ರಶ್ನೆ. ಅದನ್ನು ತೆಗೆದು ಮರದ ಕೋಣೆ ಕಟ್ಟುವುದು ಕಟ್ಟುವಿಕೆಯ ಪ್ರಶ್ನೆ. ಒಂದಕ್ಕೆ ಇದ್ದ ಸಮ್ಮತಿ ಇನ್ನೊಂದಕ್ಕೆ ತಾನಾಗಿ ಹರಿದುಬರುವುದಿಲ್ಲ. ಅನುಮಾನ ಬಂದರೆ ಅಲ್ಲಿಯ ನ್ಯಾಯಾಧೀಶರು ಮೂರು ಸಂಗತಿಗಳನ್ನು ನೋಡುತ್ತಾರೆ: ಗಾತ್ರ ಎಷ್ಟು, ಎಷ್ಟು ಕಾಲ ನಿಲ್ಲುವಂಥದು, ನೆಲಕ್ಕೆ ಎಷ್ಟು ಬಿಗಿದಿದೆ.

ನಮ್ಮ ಕಾನೂನು ಈ ವಿಷಯದಲ್ಲಿ ಅಷ್ಟು ಸೂಕ್ಷ್ಮಕ್ಕೆ ಹೋಗಿಲ್ಲ. ನಮ್ಮ ಸ್ಥಳೀಯ ಸಂಸ್ಥೆಗಳ ಕಾಯಿದೆಗಳಲ್ಲಿ ಕಟ್ಟಡವೆಂದರೆ ಮನೆಯಷ್ಟೇ ಅಲ್ಲ. ಗುಡಿಸಲು, ಕೊಟ್ಟಿಗೆ, ಗೋಡೆ ಎಲ್ಲವೂ ಸೇರಿದುವು. ಇಟ್ಟಿಗೆಯೋ ಮರವೋ ಮಣ್ಣೋ ಲೋಹವೋ, ಯಾವುದರಿಂದ ಮಾಡಿದ್ದೆಂಬ ಭೇದವಿಲ್ಲ. ಅಂದಮೇಲೆ "ಮರದ ಕೋಣೆ ತಾನೆ, ಬೇಕೆಂದಾಗ ಬಿಚ್ಚಬಹುದು" ಎಂದು ಮಾರುವವರು ಹೇಳುವ ಮಾತನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಕಲ್ಲಿನ ತಳಪಾಯದ ಮೇಲೆ ಕೂತ ಕೂಡಲೇ ಆ ಕೋಣೆಯ ಜಂಗಮತ್ವ ಮುಗಿಯಿತು.

ಇನ್ನು ನಿಯಮಗಳಿಗೆ ಬರುತ್ತೇನೆ. ಇವು ಒಂದರ ಮೇಲೊಂದು ಹೊದಿಸಿದ ಹೊದಿಕೆಗಳ ಹಾಗೆ ಇವೆ. ಒಂದನ್ನು ಎತ್ತಿದವನು ಎಲ್ಲವನ್ನೂ ಎತ್ತಿದೆನೆಂದು ಭಾವಿಸುವುದೇ ತಪ್ಪಿನ ಮೂಲ.

ಮೊದಲ ಹೊದಿಕೆ ಕಂದಾಯದ್ದು. 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣ. ಆಗ ನಮ್ಮದು ಮೈಸೂರು ರಾಜ್ಯ; ಕಾಯಿದೆಗೂ ಮೈಸೂರೆಂದೇ ಹೆಸರಿತ್ತು. ಸಾಗುವಳಿಯ ಜಮೀನನ್ನು ಬೇರೆ ಕಾರ್ಯಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಪರಿವರ್ತನೆ ಎಂದು ನಾವೆಲ್ಲ ಹೇಳುವುದು ಇದನ್ನೇ. ಈಚಿನ ವರ್ಷಗಳಲ್ಲಿ ಇದರ ಅರ್ಜಿಯನ್ನು ಪ್ರಮಾಣಪತ್ರದೊಡನೆ ಆನ್‌ಲೈನಿನಲ್ಲಿ ಸಲ್ಲಿಸುವ ಏರ್ಪಾಡಾಗಿದೆ. ಆದರೆ ಅದೇ ಪ್ರಕರಣದ ಮೊದಲ ಭಾಗದಲ್ಲಿ ರೈತನಿಗೆ ಒಂದು ಹಕ್ಕನ್ನು ಕೊಟ್ಟಿದ್ದಾರೆ. ಬೇಸಾಯದ ಅನುಕೂಲಕ್ಕಾಗಿ ಅವನು ತನ್ನ ಜಮೀನಿನಲ್ಲಿ ಬಾವಿ ತೋಡಬಹುದು, ಸಾಗುವಳಿಗೆ ಬೇಕಾದ ಕಟ್ಟಡ ಕಟ್ಟಿಕೊಳ್ಳಬಹುದು. ತೋಟದ ಮನೆಯನ್ನೂ ಕಟ್ಟಬಹುದು. ಆದರೆ ಅದು ಹಿಡುವಳಿಯ ಶೇಕಡಾ 10ನ್ನು ಮೀರಬಾರದು, ನಿಯಮದಲ್ಲಿ ಗೊತ್ತುಪಡಿಸಿದ ಮಿತಿಯನ್ನೂ ದಾಟಬಾರದು. ಯಾರ ವಾಸಕ್ಕೆ? ರೈತನ, ಅವನ ಕುಟುಂಬದವರ, ಅವನನ್ನು ಆಶ್ರಯಿಸಿದವರ, ಅವನ ಕೆಲಸಗಾರರ ವಾಸಕ್ಕೆ. ಕೆಲಸಗಾರ ಎಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ಜೊತೆಗೆ ಒಂದು ಕಟ್ಟೂ ಇದೆ: ಅಂಥ ಮನೆಯನ್ನು ವ್ಯಾಪಾರಕ್ಕಾಗಿ ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ.

ನಮ್ಮ ಲೆಕ್ಕ ನೋಡಿ. ಮೂವತ್ತು ಗುಂಟೆಯ ಹತ್ತನೆಯ ಒಂದು ಪಾಲು ಮೂರು ಗುಂಟೆ. ಗುಂಟೆಗೆ 1,089 ಚದರ ಅಡಿಯಂತೆ ಮೂರು ಗುಂಟೆಗೆ 3,267 ಚದರ ಅಡಿ. ಬಸ್ಸಿನ ಉದ್ದ ಮೂವತ್ತು ಅಡಿ, ಅಗಲ ಎಂಟು ಅಡಿ. ಒಟ್ಟು 240 ಚದರ ಅಡಿ. ತಮ್ಮ ತೋಡಿಸಿದ್ದ ತಳಪಾಯ ಮೂವತ್ತಕ್ಕೆ ಹದಿನಾರು. 480 ಚದರ ಅಡಿ. ಬಸ್ಸಿಗಿಂತ ಎರಡರಷ್ಟಾದರೂ ಶೇಕಡಾ ಹತ್ತರ ಮಿತಿಯಿಂದ ಬಹಳ ದೂರವಿತ್ತು. "ನೋಡಣ್ಣ, ಕಾನೂನೇ ನಮ್ ಕಡೆ ಅದೆ" ಎಂದು ತಮ್ಮ ಹಿಗ್ಗಿದ.

ಹಿಗ್ಗುವುದು ಅರ್ಧ ಓದಿದವನ ಲಕ್ಷಣ. ಎರಡನೆಯ ಹೊದಿಕೆ ಪಂಚಾಯಿತಿಯದು. 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಅನುಮತಿಯಿಲ್ಲದೆ ಅದರ ಎಲ್ಲೆಯೊಳಗೆ ಕಟ್ಟಡ ಕಟ್ಟುವಂತಿಲ್ಲ, ಇರುವುದನ್ನು ಬದಲಿಸುವಂತೆಯೂ ಬೆಳೆಸುವಂತೆಯೂ ಇಲ್ಲ. ಭೂಪರಿವರ್ತನೆ ಬೇಡವೆಂದರೆ ಪರವಾನಗಿಯೂ ಬೇಡವೆಂದು ಅರ್ಥವಲ್ಲ. ಒಂದು ನೆಲದ ಪ್ರಶ್ನೆ, ಇನ್ನೊಂದು ಸೂರಿನ ಪ್ರಶ್ನೆ. ನಮ್ಮ ನೋಟೀಸು ಬಂದದ್ದು ಇಲ್ಲಿಂದ.

ಮೂರನೆಯದು ಯೋಜನೆಯ ಹೊದಿಕೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಪ್ರಕಾರ ಒಂದು ಊರು ಯಾವುದಾದರೂ ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದರೆ ಅಲ್ಲಿ ನೆಲದ ಬಳಕೆ, ಅಭಿವೃದ್ಧಿ ಎರಡಕ್ಕೂ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಮೈಸೂರು ಬೆಳೆದು ಬೆಳೆದು ನಮ್ಮ ಕಡೆಗೆ ಬರುತ್ತಿರುವ ಈ ಕಾಲದಲ್ಲಿ, ನಿಮ್ಮ ಸರ್ವೆ ನಂಬರು ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ, ಹಸಿರೋ ಹಳದಿಯೋ ಎಂಬುದನ್ನು ಗುದ್ದಲಿ ಹಿಡಿಯುವ ಮೊದಲೇ ಕೇಳುವುದು ಒಳ್ಳೆಯದು.

ನಾಲ್ಕನೆಯದು ಆಯಾ ಸ್ಥಳದ ಹೊದಿಕೆ. ಇದು ಊರಿನಿಂದ ಊರಿಗೆ ಬೇರೆ. ನಮ್ಮೂರಿನಲ್ಲಿ ಇದಕ್ಕೆ ಎರಡು ಪದರ. ಮೊದಲನೆಯದು ನಾಲೆ. ನಾಲೆಯ ಏರಿ, ಅದರ ಪಕ್ಕದ ದಾರಿ ನೀರಾವರಿಯವರ ಸ್ವತ್ತು. ಪಹಣಿಯಲ್ಲಿ ಖರಾಬು ಎಂದು ಬರೆದ ತುಂಡಿನ ಮೇಲೆ ನಮ್ಮ ಕಂಬ ನಿಂತಿದೆಯೇ ಎಂದು ಅಳೆದು ನೋಡಬೇಕು. ಎರಡನೆಯದು ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಕಾವೇರಿಗೆ ಅಡ್ಡವಾಗಿ ಕಟ್ಟೆ ಕಟ್ಟಿದಾಗ ಆ ನಡುಗಡ್ಡೆಗಳು ಉಂಟಾದುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಒಡೆಯರಿಗೆ ಮನವರಿಕೆ ಮಾಡಿಕೊಟ್ಟ ಫಲವಾಗಿ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಂಥ ಧಾಮಗಳ ಸುತ್ತ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ ಪರಿಸರ ಸೂಕ್ಷ್ಮ ವಲಯವನ್ನು ಗುರುತಿಸುತ್ತಾರೆ. ಅಂಥ ವಲಯಗಳಲ್ಲಿ ಸಾಮಾನ್ಯವಾಗಿ ವಾಣಿಜ್ಯದ ಹೊಸ ಕಟ್ಟಡಗಳಿಗೆ ಬಿಗಿಯಾದ ಕಡಿವಾಣ. ಸ್ಥಳದ ನಿವಾಸಿಗಳು ತಮ್ಮ ವಾಸಕ್ಕಾಗಿ ನಿಯಮದಂತೆ ಕಟ್ಟಿಕೊಳ್ಳಲು ಅವಕಾಶ.

ಪಕ್ಕದ ಶ್ರೀರಂಗಪಟ್ಟಣದ ದ್ವೀಪದವರಿಗೆ ಈ ನಾಲ್ಕನೆಯ ಹೊದಿಕೆ ಇನ್ನೂ ದಪ್ಪ. ಅಲ್ಲಿ ದರಿಯಾದೌಲತ್, ಗುಂಬಜ್ ಮೊದಲಾದ ಸಂರಕ್ಷಿತ ಸ್ಮಾರಕಗಳು ದಟ್ಟವಾಗಿವೆ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರು ನಿಷಿದ್ಧ ಪ್ರದೇಶ, ಅಲ್ಲಿಂದಾಚೆ 200 ಮೀಟರು ನಿಯಂತ್ರಿತ ಪ್ರದೇಶ. 'ಬದಲಿ ಕಟ್ಟಡ' ಎಂಬ ನಮ್ಮ ಪ್ರಶ್ನೆಗೆ ಎಲ್ಲ ಕಾಯಿದೆಗಳಲ್ಲೂ ಅತ್ಯಂತ ಸ್ಪಷ್ಟವಾದ ಉತ್ತರವನ್ನು ನಾನು ಕಂಡದ್ದು ಇದರಲ್ಲಿಯೇ. ಪುನರ್ನಿರ್ಮಾಣವೆಂದರೆ ಮೊದಲಿದ್ದ ಕಟ್ಟಡವನ್ನು ಅದೇ ಅಡ್ಡಳತೆ, ಅದೇ ಎತ್ತರದ ಮಿತಿಯಲ್ಲಿ ಮತ್ತೆ ಎತ್ತುವುದು. ಒಂದಡಿ ಅತ್ತ ಸರಿದರೂ, ಒಂದಡಿ ಮೇಲೆ ಏರಿದರೂ ಅದು ಹೊಸ ನಿರ್ಮಾಣ. ಪುನರ್ನಿರ್ಮಾಣಕ್ಕೂ ಅನುಮತಿ ಬೇಕು. ನಿಷಿದ್ಧ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯ ದುರಸ್ತಿಗೂ ಅರ್ಜಿ ಕೊಡಬೇಕು.

ಈ ವ್ಯಾಖ್ಯೆಯನ್ನು ಓದಿದಾಗ ನನಗೆ ನಮ್ಮ ತಪ್ಪು ಹೊಳೆಯಿತು. 'ಇದ್ದುದನ್ನು ತೆಗೆದು ಇನ್ನೊಂದನ್ನು ಇಡುವುದು' ಎಂದು ನಾವು ಹೇಳಿಕೊಂಡಿದ್ದೆವು. ಇದ್ದದ್ದು 240 ಅಡಿಯ ಬಸ್ಸು. ಇಡಲು ಹೊರಟದ್ದು 480 ಅಡಿಯ ಮನೆ. ಬದಲಿ ಎಂಬ ಮಾತು ನಮ್ಮ ಬಾಯಲ್ಲಿತ್ತು; ತಳಪಾಯದಲ್ಲಿರಲಿಲ್ಲ. ಅಷ್ಟೇ ಅಲ್ಲ, ಇದ್ದದ್ದು ಇತ್ತೆಂಬುದಕ್ಕೆ ನಮ್ಮಲ್ಲಿ ಪುರಾವೆಯೂ ಇರಲಿಲ್ಲ. ಬಸ್ಸಿಗೆ ಕಂದಾಯ ಕಟ್ಟಿರಲಿಲ್ಲ, ಮನೆ ನಂಬರು ಪಡೆದಿರಲಿಲ್ಲ. ನಲವತ್ತು ವರ್ಷ ಒಬ್ಬ ಮನುಷ್ಯ ಸಂಸಾರ ಮಾಡಿದ ಸ್ಥಳ ಕಾಗದದಲ್ಲಿ ಬರೀ ತೆಂಗಿನ ತೋಟ.

ನಮಗೆ ಪರವಾನಗಿಯ ಅರ್ಜಿ ಬರೆಯುವ ಹೊತ್ತು ಬಂತು. ಅರ್ಜಿಯಲ್ಲಿ ಒಂದು ಅಂಕಣ: ಕಟ್ಟಡದ ಉದ್ದೇಶ. ಪೆನ್ನು ಹಿಡಿದು ಕೂತ ನಾನು ತಮ್ಮನ ಮುಖ ನೋಡಿದೆ. ಅವನು ಎಲ್ಲೋ ನೋಡಿದ. ಎರಡು ಕೋಣೆ, ಎರಡಕ್ಕೂ ಬೇರೆ ಬೇರೆ ಬಚ್ಚಲು, ನಾಲೆಯ ಕಡೆಗೆ ತೆರೆದ ಜಗಲಿ. ಕಾವಲಿಗೆ ಎರಡು ಬಚ್ಚಲೇಕೆ ಎಂದು ನಾನು ಅದುವರೆಗೂ ಕೇಳಿರಲಿಲ್ಲ. ಆಗ ಕೇಳಿದೆ. ಬೆಂಗಳೂರು ಮೈಸೂರುಗಳಿಂದ ಹಕ್ಕಿ ನೋಡಲು ಬರುವವರಿಗೆ ಶನಿವಾರ ಭಾನುವಾರ ಕೊಡಬಹುದೆಂದು ಅವನ ಯೋಚನೆ. "ಸುತ್ತ ಎಲ್ಲಾರೂ ಮಾಡ್ತಾವ್ರೆ ಅಣ್ಣ" ಎಂದ. ಅದು ಸುಳ್ಳಲ್ಲ. 2020ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿಯಾಗಿ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಲು ಇದ್ದ ಅಡ್ಡಿ ಹೋದ ಮೇಲೆ, ತೋಟದ ಮನೆ ಎಂಬ ಮಾತಿಗೆ ನಮ್ಮ ಕಡೆ ಹೊಸ ಅರ್ಥವೇ ಬಂದಿದೆ. ತೋಟ ಹೆಸರಿಗೆ, ಮನೆ ಬಾಡಿಗೆಗೆ.

"ತಾತ ಎಲ್ಲಿರುತ್ತಾನೆ?" ಎಂದೆ. "ಪಂಪ್‌ಹೌಸ್ ಪಕ್ಕ ಒಂದು ಶೀಟು ಹಾಕ್ಕೊಟ್ರಾಯ್ತು."

ಮಿತ್ರರೇ, ನಮ್ಮ ಜಗಳದ ವಿವರ ನಿಮಗೆ ಬೇಡ. ತಮ್ಮ ಕೆಟ್ಟವನಲ್ಲ. ಕಬ್ಬಿನ ಬಾಕಿಗಾಗಿ ಕಾಯುವುದು, ತೆಂಗಿನ ಬೆಲೆ ಬೀಳುವುದು, ಎಲ್ಲವನ್ನೂ ಅನುಭವಿಸುವವನು ಅವನು. ತಿಂಗಳಿಗೊಮ್ಮೆ ಪಿಂಚಣಿ ಎಣಿಸುವವನು ನಾನು. ಆ ಮಾತನ್ನು ಅವನು ಆಡಿದ, ನಾನು ಒಪ್ಪಿದೆ. ಆದರೆ ಅರ್ಜಿಯಲ್ಲಿ ಕಾವಲಿನವನ ವಾಸಕ್ಕೆ ಎಂದು ಬರೆದು, ಅವನನ್ನು ಶೀಟಿನ ಕೆಳಗೆ ಮಲಗಿಸಲು ನನಗೆ ಕೈ ಬರಲಿಲ್ಲ. ರೈತನ ಕೆಲಸಗಾರನಿಗೂ ಕಾನೂನು ಆ ಸೂರನ್ನು ಕೊಟ್ಟಿರುವಾಗ, ಆ ಕೆಲಸಗಾರನ ಹೆಸರು ಹೇಳಿ ಪಡೆದದ್ದನ್ನು ನಾವು ಉಣ್ಣುವುದೆಂದರೇನು? ಅಳತೆಯಲ್ಲಿ ನಮ್ಮ ಕಟ್ಟಡ ಕಾನೂನಿನ ಒಳಗಿತ್ತು. ಉದ್ದೇಶದಲ್ಲಿ ಹೊರಗಿತ್ತು. ಉದ್ದೇಶವನ್ನು ಅಳೆಯುವ ಟೇಪು ಯಾವ ಕಚೇರಿಯಲ್ಲೂ ಇಲ್ಲ; ಅದನ್ನು ಅರ್ಜಿ ಬರೆಯುವವನೇ ಇಟ್ಟುಕೊಂಡಿರಬೇಕು.

ಈ ಮಾತುಕತೆಯಲ್ಲಿ ಎರಡು ತಿಂಗಳು ಹೋಯಿತು. ಮಳೆಗಾಲ ಬಂತು. ತೋಡಿದ ತಳಪಾಯದಲ್ಲಿ ನೀರು ನಿಂತಿತು. ತಗಡು ಬಿಚ್ಚಿ ಅರ್ಧ ತೆರೆದಿಟ್ಟಿದ್ದ ಬಸ್ಸಿನಲ್ಲಿ ಪ್ಲಾಸ್ಟಿಕ್ಕಿನ ಹಾಳೆ ಕಟ್ಟಿಕೊಂಡು ತಾತ ಮಲಗುತ್ತಿದ್ದ. ಊರಿನ ಮನೆಗೆ ಬಾ ಎಂದರೆ ಬರಲಿಲ್ಲ. ಆಷಾಢದಲ್ಲಿ ಅವನಿಗೆ ಜ್ವರ ಬಂದು ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಆ ಹತ್ತು ದಿನವೂ ನಾನೂ ತಮ್ಮನೂ ಸರದಿಯ ಮೇಲೆ ಅವನ ಮಂಚದ ಪಕ್ಕದಲ್ಲಿ ಕುಳಿತೆವು. ನಿಯಮದ ಪ್ರಕಾರ ಮೊದಲೇ ಕೇಳಿದ್ದರೆ ಬೇಸಗೆಯಲ್ಲೇ ಕೆಲಸ ಮುಗಿದು ಅವನು ಸೂರಿನ ಕೆಳಗಿರುತ್ತಿದ್ದ ಎಂಬ ಯೋಚನೆ ಇಬ್ಬರ ತಲೆಯಲ್ಲಿಯೂ ಇತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎಂಟನೆಯ ದಿನವೋ ಏನೋ, ತಮ್ಮ ಆಸ್ಪತ್ರೆಯ ಜಗಲಿಯಲ್ಲಿ ನಿಂತು, "ಒಂದೇ ಕೋಣೆ ಸಾಕು ಬುಡಣ್ಣ" ಎಂದ.

ಹೊಸ ನಕ್ಷೆ ಮಾಡಿಸಿದೆವು. ಇಪ್ಪತ್ತಕ್ಕೆ ಹನ್ನೆರಡು; ಒಟ್ಟು 240 ಚದರ ಅಡಿ. ಬಸ್ಸಿನಷ್ಟೇ ನೆಲ, ಆಕಾರ ಮಾತ್ರ ಬೇರೆ. ಪಹಣಿ, ಸರ್ವೆ ನಕ್ಷೆ, ನಾಲೆಯಿಂದ ಎಷ್ಟು ದೂರವೆಂಬ ಅಳತೆ, ಕಟ್ಟಡ ಬೇಸಾಯದ ಕೆಲಸಗಾರನ ವಾಸಕ್ಕೆ ಎಂಬ ಪ್ರಮಾಣಪತ್ರ, ಇವಿಷ್ಟನ್ನು ಸೇರಿಸಿ ಅರ್ಜಿ ಕೊಟ್ಟೆವು. ಬಸ್ಸು ಇತ್ತೆಂಬುದಕ್ಕೆ ತಾತನ ಮಗಳ ಮದುವೆಯ ಒಂದು ಚಿತ್ರ ನೆರವಾಯಿತು; ಹಸೆಯ ಮಣೆಯ ಹಿಂದೆ ಬಸ್ಸಿನ ಕಿಟಕಿಗಳ ಸಾಲು. ಸ್ಥಳ ಪರಿಶೀಲನೆಗೆ ಬಂದವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಎರಡು ಸಲ ಕಾಗದ ಹಿಂದಿರುಗಿತು, ಎರಡು ಸಲ ತಿದ್ದಿ ಕೊಟ್ಟೆವು. ದೀಪಾವಳಿ ಕಳೆದ ಮೇಲೆ ಪರವಾನಗಿ ಬಂತು.

ಇಂಥ ನಿಯಮಗಳ ಬಗ್ಗೆ ನಮಗೆಲ್ಲ ಒಂದು ದೂರು ಇದೆ. ದೊಡ್ಡವರು ನದಿಯ ದಡದಲ್ಲಿ ಮಾಳಿಗೆ ಎಬ್ಬಿಸಿದರೆ ಕಾಣದ ಕಣ್ಣಿಗೆ ಬಡವನ ಗುಡಿಸಲು ತಟ್ಟನೆ ಕಾಣುತ್ತದೆ ಎಂದು. ಆ ದೂರಿನಲ್ಲಿ ನಿಜವಿದೆ. ಆದರೆ ಅದಕ್ಕೆ ಪರಿಹಾರ ನಿಯಮವಿಲ್ಲದಿರುವುದಲ್ಲ. ನಿಯಮವಿಲ್ಲದ ಕಡೆ ಗೆಲ್ಲುವುದು ತಾತನಲ್ಲ. ಎರಡು ಬಚ್ಚಲಿನ ಮನೆ. ನಾಲೆಯ ನೀರು ಕೊನೆಯ ಗದ್ದೆಗೆ ಹೋಗಬೇಕಾದರೆ ಏರಿಯ ಮೇಲೆ ಯಾರೂ ಗೋಡೆ ಎಬ್ಬಿಸಬಾರದು. ತಿಟ್ಟಿನಲ್ಲಿ ಕೊಕ್ಕರೆಗಳು ವರ್ಷವರ್ಷವೂ ಬಂದು ಗೂಡು ಕಟ್ಟಬೇಕಾದರೆ ದಡದಲ್ಲಿ ರಾತ್ರಿಯೆಲ್ಲ ದೀಪವೂ ಹಾಡೂ ಇರಬಾರದು. ಇದನ್ನು ನೋಡಿಕೊಳ್ಳಲು ಒಂದು ಕಾಗದ ಬೇಕು, ಆ ಕಾಗದವನ್ನು ಕೇಳುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಎಲ್ಲರನ್ನೂ ಕೇಳುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ನಿಮ್ಮಲ್ಲಿ ಯಾರಿಗಾದರೂ ಹಳೆಯ ಗುಡಿಸಲನ್ನೋ ತಗಡಿನ ಕೊಟ್ಟಿಗೆಯನ್ನೋ ತೆಗೆದು ತೋಟದಲ್ಲಿ ಒಂದು ಕೋಣೆ ಮಾಡಿಕೊಳ್ಳುವ ಆಸೆಯಿದ್ದರೆ ನನ್ನ ಸಲಹೆ ಇಷ್ಟೆ. ಹಳೆಯದನ್ನು ಕೆಡವುವ ಮೊದಲು ಅದರ ಚಿತ್ರ ತೆಗೆದಿಡಿ, ಉದ್ದ ಅಗಲ ಎತ್ತರ ಅಳೆದು ಬರೆದಿಡಿ; ಕೆಡವಿದ ಮೇಲೆ ಇತ್ತೆಂದು ಸಾಧಿಸುವುದು ಕಷ್ಟ. ಭೂಪರಿವರ್ತನೆ ಬೇಕೇ ಎಂದು ಕೇಳಿದ ಮೇಲೆ, ಪಂಚಾಯಿತಿಯ ಪರವಾನಗಿ ಬೇಕೇ ಎಂದು ಪ್ರತ್ಯೇಕವಾಗಿ ಕೇಳಿ. ನಾಲೆ, ನದಿ, ಸ್ಮಾರಕ, ಪಕ್ಷಿಧಾಮ ಯಾವುದು ಹತ್ತಿರವಿದೆಯೋ ನೋಡಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮೊದಲು, ಆ ಕೋಣೆ ಯಾರಿಗೆ ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನಿಸಿಕೊಳ್ಳಿ.

2024ರ ಯುಗಾದಿಯ ಹೊತ್ತಿಗೆ ಕೋಣೆ ಮುಗಿಯಿತು. ಬಸ್ಸನ್ನು ಗುಜರಿಯವರು ಕತ್ತರಿಸಿ ಒಯ್ದರು. ಹಿಂದಿನ ಒಂದು ಸೀಟನ್ನು ಮಾತ್ರ ತಾತ ಕೊಡಲಿಲ್ಲ. ಅದೀಗ ಹೊಸ ಕೋಣೆಯ ಬಾಗಿಲ ಪಕ್ಕದಲ್ಲಿದೆ. ಹಾಲು ಉಕ್ಕಿಸಿದ ದಿನ ಅವನು ಗೋಡೆಯನ್ನು ಅಂಗೈಯಿಂದ ತಟ್ಟಿ ನೋಡಿ, "ಇದ್ನ ಯಾರೂ ಎಳ್ಕಂಡು ಹೋಗಾಕಾಗಕಿಲ್ಲ ಅಲ್ವ್ರಾ ಮೇಷ್ಟ್ರೇ?" ಎಂದು ಕೇಳಿದ.

ನಲವತ್ತಮೂರು ವರ್ಷ ಅವನು ಆ ಬಸ್ಸಿನ ಪಕ್ಕದಲ್ಲಿ ತನಗೆಂದು ಒಂದು ಗಿಡವನ್ನೂ ನೆಟ್ಟಿರಲಿಲ್ಲ. ತೋಟದ ತುಂಬ ನಮ್ಮ ಸಸಿಗಳಿಗೆ ನೀರು ಹಾಯಿಸಿದವನು ಅವನು. ಕಾರಣ ಆ ದಿನ ನನಗೆ ತಿಳಿಯಿತು. ಗಾಲಿ ಮಣ್ಣಿಗೆ ಇಳಿದಿದ್ದರೂ ಅವನ ಕಣ್ಣಿನಲ್ಲಿ ಅದು ಎಂದಾದರೊಂದು ದಿನ ಹೊರಡುವ ಬಸ್ಸೇ ಆಗಿತ್ತು. ಕಳೆದ ವಾರ ಹೋಗಿದ್ದಾಗ ನೋಡಿದೆ. ಕೋಣೆಯ ಮೂಲೆಯಲ್ಲಿ ಒಂದು ನುಗ್ಗೆಯ ಗಿಡ ನೆಟ್ಟಿದ್ದಾನೆ. ಸೂರಿನ ಅಂಚನ್ನು ಮುಟ್ಟುವಷ್ಟು ಬೆಳೆದಿದೆ.